ವಿಮಾನದಲ್ಲಿ ತೂಕವಿಲ್ಲದ 22 ಸೆಕೆಂಡು: ಹೋಗಿ ಬಂದವಳ ಅನುಭವ, ನಿಮ್ಮ ಪ್ರಶ್ನೆಗಳು

ಬ್ರೆಮೆನ್ ಕನ್ನಡತಿ

ಎಲ್ಲರಿಗೂ ನಮಸ್ಕಾರ. ನಾನು ಜರ್ಮನಿಯಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ, ಊರು ಶಿರಸಿ. ನಮ್ಮ ತಂಡದ ಒಂದು ಪ್ರಯೋಗಕ್ಕೆ ಫ್ರಾನ್ಸಿನ ಬೋರ್ಡೋದಿಂದ ಹಾರುವ ಏರ್‌ಬಸ್ ಎ310 ಝೀರೋ-ಜಿ (ಅಂದರೆ ಸೊನ್ನೆ ತೂಕದ) ವಿಮಾನದಲ್ಲಿ ಜಾಗ ಸಿಕ್ಕಿತ್ತು. ವಿಷಯ ತಿಳಿದವರೆಲ್ಲ ಮೊದಲು ಕೇಳುವುದು "ತೇಲಿದ್ಯಾ?" ಅಂತ. ತೇಲಿದೆ, ತುಂಬಾ ಖುಷಿಯೂ ಆಯಿತು. ಆದರೆ ಅದು ಬರೀ ಮೋಜಿನ ಸವಾರಿ ಅಲ್ಲ, ಹಾರುವ ಪ್ರಯೋಗಶಾಲೆ. ಆ ಕಡೆಯ ಬಗ್ಗೆ ಕನ್ನಡದಲ್ಲಿ ಬರೆದದ್ದು ಕಡಿಮೆ ಅನ್ನಿಸಿ ಇಲ್ಲಿ ಬರೆಯುತ್ತಿದ್ದೇನೆ.

ವಿಮಾನವನ್ನು ನಡೆಸುವುದು ನೊವೆಸ್ಪೇಸ್, ಫ್ರಾನ್ಸಿನ ಬಾಹ್ಯಾಕಾಶ ಸಂಸ್ಥೆ ಸಿಎನ್‌ಇಎಸ್‌ನ ಅಂಗ. ಈ ವಿಮಾನ ಮೊದಲು ಪೂರ್ವ ಜರ್ಮನಿಯ ಇಂಟರ್‌ಫ್ಲುಗ್ ಕಂಪನಿಯಲ್ಲಿತ್ತು. ಆಮೇಲೆ ಜರ್ಮನಿಯ ಸರ್ಕಾರಿ ವಿಮಾನವಾಗಿ ಚಾನ್ಸಲರ್‌ಗಳನ್ನು ಹೊತ್ತು ತಿರುಗಿತು. 2015ರಿಂದ ಈ ಕೆಲಸಕ್ಕೆ ಬಂದಿದೆ. ಒಳಗೆ ಮುಂದೆ ಮತ್ತು ಹಿಂದೆ ಮಾತ್ರ ಸೀಟು. ನಡುವೆ ಉದ್ದಕ್ಕೂ ಖಾಲಿ. ನೆಲ, ಗೋಡೆ, ಮೇಲ್ಛಾವಣಿ ಎಲ್ಲಕ್ಕೂ ಮೆತ್ತೆ ಹೊದಿಸಿದ್ದಾರೆ. ಅಲ್ಲೇ ಪ್ರಯೋಗದ ಸ್ಟ್ಯಾಂಡುಗಳನ್ನು ನೆಲಕ್ಕೆ ಬೋಲ್ಟ್ ಹಾಕಿ ಬಿಗಿದಿರುತ್ತಾರೆ.

ಒಂದು ಹಾರಾಟಕ್ಕೆ 31 ಪ್ಯಾರಾಬೋಲಾ, ಅಂದರೆ ಎಸೆದ ಕಲ್ಲಿನಂತೆ ಬಿಲ್ಲಿನಾಕಾರದಲ್ಲಿ ಏರಿ ಇಳಿಯುವ ಸುತ್ತು. ಮೊದಲನೆಯದಕ್ಕೆ ಸೊನ್ನೆ ಅಂತಲೇ ನಂಬರು, ಅದು ಮೈ ಒಗ್ಗಿಸಿಕೊಳ್ಳಲು. ಒಂದು ಸುತ್ತು ಹೇಗಿರುತ್ತದೆ ಅಂತ ಹೇಳುತ್ತೇನೆ. ವಿಮಾನ ಸುಮಾರು 6,000 ಮೀಟರ್ ಎತ್ತರದಲ್ಲಿ ಗಂಟೆಗೆ 800 ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ ವೇಗದಲ್ಲಿ ನೆಟ್ಟಗೆ ಹೋಗುತ್ತಿರುತ್ತದೆ. ಸ್ಪೀಕರ್‌ನಲ್ಲಿ "ಪುಲ್ ಅಪ್" ಎಂದು ಕೇಳುತ್ತದೆ. ಮೂಗು ಮೇಲೇಳುತ್ತದೆ. ಆಗ ನಮ್ಮ ತೂಕ 1.8 ಪಟ್ಟು. 55 ಕಿಲೋ ಇರುವ ನನಗೆ ಮೈಮೇಲೆ ಇನ್ನೂ 44 ಕಿಲೋ ಹೇರಿದ ಹಾಗೆ. ಕೆನ್ನೆ ಕೆಳಗೆ ಜಗ್ಗುತ್ತದೆ, ಕೈ ಎತ್ತಿ ಬಟನ್ ಒತ್ತುವುದೇ ಒಂದು ಕೆಲಸ. ಪೈಲಟ್ ಕೋನ ಕೂಗುತ್ತಾರೆ: "ಥರ್ಟಿ", "ಫಾರ್ಟಿ", ಆಮೇಲೆ "ಇಂಜೆಕ್ಷನ್", ಅಂದರೆ ಪ್ಯಾರಾಬೋಲಾದೊಳಗೆ ನುಗ್ಗುವ ಕ್ಷಣ.

ಆ ಮಾತು ಮುಗಿಯುವುದರೊಳಗೆ ತೂಕ ಹೋಗಿರುತ್ತದೆ. ನಿಧಾನವಾಗಿ ಹಗುರಾಗುತ್ತೇವೆ ಅಂದುಕೊಂಡಿದ್ದೆ, ಹಾಗಲ್ಲ. ಬೆನ್ನಿನ ಕೆಳಗಿದ್ದ ನೆಲ ಸುಮ್ನೆ ಇಲ್ಲವಾಗುತ್ತದೆ. ನನ್ನ ಜಡೆಯನ್ನು ಸೂಟಿನೊಳಗೆ ಸೇರಿಸಿದ್ದೆ. ಅದು ಕಾಲರಿನಿಂದ ತಾನಾಗಿ ಮೇಲೆದ್ದು ಕಿವಿಯ ಪಕ್ಕ ನಿಂತಿತು. ಕುತ್ತಿಗೆಯ ಸರ ಗಲ್ಲದ ಹತ್ತಿರ ಬಂತು. ಅಷ್ಟರಲ್ಲಿ ಪ್ರಯೋಗದ ಕ್ಯಾಮೆರಾ ಶುರುವಾಗಿದೆಯಾ ಅಂತ ನೋಡಬೇಕು. 22 ಸೆಕೆಂಡು ಮುಗಿಯುತ್ತಾ ಬಂದಂತೆ ಮತ್ತೆ ಕೂಗು: "ಟ್ವೆಂಟಿ", "ಥರ್ಟಿ", "ಪುಲ್ ಔಟ್", ಅಂದರೆ ಇಳಿಯುತ್ತಿರುವ ವಿಮಾನವನ್ನು ಮತ್ತೆ ನೆಟ್ಟಗೆ ಮಾಡುವುದು. ಆಗ ಕಾಲು ನೆಲದ ಕಡೆಗೇ ಇರಬೇಕು. ಇಲ್ಲದಿದ್ದರೆ 1.8 ಪಟ್ಟು ತೂಕದೊಂದಿಗೆ ತಲೆ ಕೆಳಗಾಗಿ ಬೀಳುತ್ತೀರಿ.

ಮೂರು ನಿಮಿಷಕ್ಕೊಂದು ಸಲ ಹೀಗೆ. ಐದೈದು ಪ್ಯಾರಾಬೋಲಾ ಆದ ಮೇಲೆ ಕೆಲವು ನಿಮಿಷ ಬಿಡುವು. ಅಷ್ಟರಲ್ಲಿ ಸ್ಯಾಂಪಲ್ ಬದಲಿಸಬೇಕು, ಕಂಪ್ಯೂಟರ್ ನೋಡಬೇಕು, ನೀರು ಕುಡಿಯಬೇಕು. ಪ್ರಶ್ನೆ ಇದ್ದರೆ ಕೇಳಿ, ಗೊತ್ತಿದ್ದಷ್ಟು ಹೇಳುತ್ತೇನೆ.

ತುಂಗಾತೀರ

ಓದಿ ಮೈ ಜುಮ್ ಅಂದಿತು ಮೇಡಂ. ಎರಡು ಪ್ರಶ್ನೆ. ಒಂದು, ಅಷ್ಟು ಹೊತ್ತು ಎಂಜಿನ್ ಆಫ್ ಮಾಡಿ ವಿಮಾನವನ್ನು ಕೆಳಗೆ ಬಿಡುತ್ತಾರೆ ಅಂತ ಎಲ್ಲೋ ಓದಿದ್ದೆ, ನಿಜವಾ? ಎರಡು, ಜಾತ್ರೆಯಲ್ಲಿ ದೊಡ್ಡ ತೊಟ್ಟಿಲು ಮೇಲಿಂದ ಕೆಳಗೆ ಬರುವಾಗ ಹೊಟ್ಟೆಯಲ್ಲಿ ಒಂಥರಾ ಆಗುತ್ತದಲ್ವಾ, ಅದೇನಾ ಇದು?

ಬ್ರೆಮೆನ್ ಕನ್ನಡತಿ

ತೊಟ್ಟಿಲಿನಲ್ಲಿ ಆಗುವುದು ಇದರ ಸಣ್ಣ ತುಣುಕು. ಅಲ್ಲಿ ತೂಕ ಸ್ವಲ್ಪ ಕಡಿಮೆಯಾಗುತ್ತದೆ ಅಷ್ಟೆ, ಪೂರ್ತಿ ಹೋಗುವುದಿಲ್ಲ. ಇನ್ನೊಂದು ವ್ಯತ್ಯಾಸ: ತೊಟ್ಟಿಲಿನಲ್ಲಿ ಬೀಳುತ್ತಿರುವುದು ಕಣ್ಣಿಗೆ ಕಾಣುತ್ತದೆ. ವಿಮಾನದೊಳಗೆ ಗೋಡೆ, ನೆಲ, ಪಕ್ಕದವರು ಎಲ್ಲ ನಮ್ಮ ಜೊತೆಗೇ ಬೀಳುತ್ತಿರುತ್ತಾರೆ. ಹಾಗಾಗಿ ಬೀಳುವ ಭಯ ನನಗೆ ಬರಲೇ ಇಲ್ಲ.

ಎಂಜಿನ್ ಆಫ್ ಮಾಡುವುದಿಲ್ಲ. ಅದರ ಬಗ್ಗೆ ಮೇಷ್ಟ್ರು ಹೇಳಿದರೆ ಚೆನ್ನ. ಈ ವೇದಿಕೆಯಲ್ಲಿ ಅವರಷ್ಟು ಬಿಡಿಸಿ ಹೇಳುವವರಿಲ್ಲ.

ಹಾಸನದ ಫಿಸಿಕ್ಸ್ ಮೇಷ್ಟ್ರು

ಕರೆದಿದ್ದಕ್ಕೆ ಸಂತೋಷ ಕಣಮ್ಮ. ಪಿಯುಸಿ ಮಕ್ಕಳಿಗೆ ಪ್ರತಿ ವರ್ಷ ಇದನ್ನು ಹೇಳುತ್ತೇನೆ.

ಒಂದು ಕಲ್ಲನ್ನು ಓರೆಯಾಗಿ ಮೇಲಕ್ಕೆ ಎಸೆಯಿರಿ. ಕೈ ಬಿಟ್ಟ ಕ್ಷಣದಿಂದ ನೆಲ ಮುಟ್ಟುವವರೆಗೆ ಅದು ಹೋಗುವ ದಾರಿಯೇ ಪ್ಯಾರಾಬೋಲಾ. ಆ ಕಲ್ಲಿನೊಳಗೆ ಒಂದು ಇರುವೆ ಕೂತಿದ್ದರೆ, ಅದಕ್ಕೆ ತೂಕ ಇಲ್ಲವಾಗುವುದು ಕಲ್ಲು ಕೆಳಗಿಳಿಯುವಾಗ ಮಾತ್ರವಾ? ತರಗತಿಯಲ್ಲಿ ಕೇಳಿದರೆ ಬಹುಪಾಲು ಮಕ್ಕಳು ಹೌದು ಅನ್ನುತ್ತಾರೆ. ಅಲ್ಲ. ಕೈ ಬಿಟ್ಟ ಕ್ಷಣದಿಂದಲೇ ಇಲ್ಲ. ಕಲ್ಲು ಮೇಲಕ್ಕೆ ಹೋಗುತ್ತಿರುವಾಗಲೂ ಅದರ ಮೇಲೆ ಕೆಲಸ ಮಾಡುತ್ತಿರುವುದು ಗುರುತ್ವ ಒಂದೇ. ಗಾಳಿಯ ತಡೆ ಬಿಟ್ಟು ಮಾತಾಡುತ್ತಿದ್ದೇನೆ.

ವಿಮಾನದಲ್ಲೂ ಹೀಗೇ. "ಇಂಜೆಕ್ಷನ್" ಅಂದಾಗ ವಿಮಾನ ಸುಮಾರು 50 ಡಿಗ್ರಿ ಕೋನದಲ್ಲಿ ಮೇಲಕ್ಕೆ ನುಗ್ಗುತ್ತಿರುತ್ತದೆ. ಅಲ್ಲಿಂದಲೇ ತೂಕ ಸೊನ್ನೆ. 22 ಸೆಕೆಂಡಿನಲ್ಲಿ ಮೊದಲ 11 ಸೆಕೆಂಡು ನೀವು ಮೇಲೇರುತ್ತಲೇ ಇರುತ್ತೀರಿ. ನಡುವೆ ಶಿಖರ, ಆಮೇಲೆ 11 ಸೆಕೆಂಡು ಇಳಿಯುವುದು. ಒಳಗಿದ್ದವರಿಗೆ ಯಾವಾಗ ಏರು, ಯಾವಾಗ ಇಳಿ ಅಂತ ಗೊತ್ತೇ ಆಗುವುದಿಲ್ಲ.

ಲೆಕ್ಕವೂ ಸುಲಭ. 11 ಸೆಕೆಂಡು ಮೇಲೇರಬೇಕಾದರೆ ಶುರುವಿನಲ್ಲಿ ಮೇಲ್ಮುಖ ವೇಗ 11 ಗುಣಿಸು 9.8, ಅಂದರೆ ಸೆಕೆಂಡಿಗೆ ಸುಮಾರು 108 ಮೀಟರ್ ಬೇಕು. ಅಷ್ಟರಲ್ಲಿ ಏರುವ ಎತ್ತರ ಸುಮಾರು 600 ಮೀಟರ್. ಈಗ ಒಂದು ನಿಮಿಷ ಬೇಕು ಅನ್ನಿ. ಮೇಲ್ಮುಖ ವೇಗ ಸೆಕೆಂಡಿಗೆ 294 ಮೀಟರ್ ಆಗಬೇಕು, 4.4 ಕಿಲೋಮೀಟರ್ ಏರಬೇಕು. ಪ್ರಯಾಣಿಕ ವಿಮಾನಕ್ಕೆ ಆ ಶಕ್ತಿ ಇಲ್ಲ. ಹೊತ್ತು ಎರಡರಷ್ಟಾದರೆ ಎತ್ತರ ನಾಲ್ಕರಷ್ಟು, ಅಲ್ಲೇ ಕಷ್ಟ.

ಎಂಜಿನ್ ವಿಷಯ. ಗಾಳಿ ವಿಮಾನವನ್ನು ಹಿಂದಕ್ಕೆ ತಳ್ಳುತ್ತಿರುತ್ತದೆ. ಎಂಜಿನ್ ಆಫ್ ಮಾಡಿದರೆ ವಿಮಾನ ನಿಧಾನವಾಗಿ, ಒಳಗೆ ತೇಲುತ್ತಿರುವವರೆಲ್ಲ ಮುಂದಿನ ಗೋಡೆಯ ಕಡೆ ಜಾರುತ್ತಾರೆ. ಆದ್ದರಿಂದ ಗಾಳಿಯ ತಡೆಗೆ ಸರಿಯಾಗುವಷ್ಟು ಮಾತ್ರ ನೂಕು ಕೊಡುತ್ತಾರೆ. ರೆಕ್ಕೆ ಎತ್ತುವ ಬಲವನ್ನು ಸೊನ್ನೆ ಮಾಡುತ್ತಾರೆ. ಉಳಿಯುವುದು ಗುರುತ್ವ ಒಂದೇ. ಗಾಳಿಯೇ ಇಲ್ಲದ ಕಡೆ ಎಸೆದ ಕಲ್ಲಿನಂತೆ ವಿಮಾನ ಹೋಗುತ್ತದೆ.

ಇನ್ನೊಂದು ಮಾತು. ಅಲ್ಲಿ ಗುರುತ್ವಾಕರ್ಷಣೆ ಇಲ್ಲ ಅಂತ ದಯವಿಟ್ಟು ಮಕ್ಕಳಿಗೆ ಹೇಳಬೇಡಿ. 8 ಕಿಲೋಮೀಟರ್ ಎತ್ತರದಲ್ಲಿ ಗುರುತ್ವ ನೆಲದ ಮೇಲಿದ್ದಷ್ಟೇ ಇದೆ ಅನ್ನಬಹುದು. 400 ಕಿಲೋಮೀಟರ್ ಎತ್ತರದ ಬಾಹ್ಯಾಕಾಶ ನಿಲ್ದಾಣದಲ್ಲೂ ಶೇಕಡಾ 88-89ರಷ್ಟು ಇದೆ. ಅದೂ ಬೀಳುತ್ತಲೇ ಇದೆ. ಆದರೆ ಸೆಕೆಂಡಿಗೆ ಏಳೂವರೆ ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ಪಕ್ಕಕ್ಕೆ ಓಡುವುದರಿಂದ ನೆಲ ಸಿಗುವುದಿಲ್ಲ. ವಿಮಾನಕ್ಕೆ 22 ಸೆಕೆಂಡಿನಲ್ಲಿ ನೆಲದ ನೆನಪು ಬರುತ್ತದೆ, ನಿಲ್ದಾಣಕ್ಕೆ ಬರುವುದಿಲ್ಲ. ಅಷ್ಟೇ ಫರಕು.

ತುಂಗಾತೀರ

ಮೇಲೇರುವಾಗಲೇ ತೂಕ ಹೋಗಿರುತ್ತದೆ ಅನ್ನುವುದು ಇಷ್ಟು ವರ್ಷ ತಲೆಗೆ ಹೊಳೆದೇ ಇರಲಿಲ್ಲ. ತುಂಬಾ ಧನ್ಯವಾದ ಸರ್.

ಬ್ರೆಮೆನ್ ಕನ್ನಡತಿ

ಮೇಷ್ಟ್ರು ಹೇಳಿದ ಆ ಎರಡು ಬಲಗಳನ್ನು ಸರಿದೂಗಿಸುವ ಕೆಲಸ ನೋಡಲೇಬೇಕಾದದ್ದು. ಮೂರು ಜನ ಹಂಚಿಕೊಂಡು ವಿಮಾನ ನಡೆಸುತ್ತಾರೆ. ಒಬ್ಬರು ಮೂಗನ್ನು ಮೇಲೆ-ಕೆಳಗೆ ಮಾತ್ರ ನೋಡಿಕೊಳ್ಳುತ್ತಾರೆ. ಇನ್ನೊಬ್ಬರ ಕೆಲಸ ರೆಕ್ಕೆ ಒಂದು ಕಡೆ ವಾಲದ ಹಾಗೆ ಹಿಡಿಯುವುದು. ಮೂರನೆಯವರ ಕೈ ಎಂಜಿನ್ ಮೇಲೆ. ಒಬ್ಬರೇ ಮೂರನ್ನೂ ಮಾಡಿದರೆ ಅಷ್ಟು ಸೂಕ್ಷ್ಮವಾಗಿ ಬರುವುದಿಲ್ಲ.

ಹೀಗೆ ಹಿಡಿದರೂ ಸೊನ್ನೆ ಅಂದರೆ ಪೂರ್ತಿ ಸೊನ್ನೆ ಅಲ್ಲ. ನಮ್ಮ ತೂಕದ ನೂರರಲ್ಲಿ ಒಂದೆರಡು ಭಾಗದಷ್ಟು ಅತ್ತಿತ್ತ ತುಯ್ಯುತ್ತಿರುತ್ತದೆ. ಮನುಷ್ಯರಿಗೆ ಅದು ತಿಳಿಯುವುದೂ ಇಲ್ಲ. ನಮ್ಮ ಪ್ರಯೋಗದ ಡಬ್ಬಿಯಲ್ಲಿರುವ ಗಾಜಿನ ಮಣಿಗಳಿಗೆ ಮಾತ್ರ ಚೆನ್ನಾಗಿ ತಿಳಿಯುತ್ತದೆ. ಡಬ್ಬಿಯ ನಡುವೆ ತೇಲಬೇಕಾದ ಮಣಿಗಳು ಮೆಲ್ಲಗೆ ಒಂದು ಗೋಡೆಯತ್ತ ಸರಿಯುತ್ತವೆ. ಅದಕ್ಕೇ ಕೆಲವು ತಂಡಗಳು ಪ್ರಯೋಗದ ಪೆಟ್ಟಿಗೆಯನ್ನೇ ಗಾಳಿಯಲ್ಲಿ ಬಿಟ್ಟುಬಿಡುತ್ತವೆ. ಪೆಟ್ಟಿಗೆ ಯಾವ ಗೋಡೆಯನ್ನೂ ಮುಟ್ಟದಿದ್ದರೆ ವಿಮಾನದ ತುಯ್ತ ಅದಕ್ಕೆ ತಾಗುವುದಿಲ್ಲ. "ಪುಲ್ ಔಟ್" ಅನ್ನುವ ಮುಂಚೆ ಹಿಡಿದುಕೊಳ್ಳಬೇಕು ಅಷ್ಟೆ.

ಉಡುಪಿ ಅಮ್ಮ

ನನ್ನ ಮಗಳಿಗೆ ಆಗುಂಬೆ ಘಾಟಿ ಹತ್ತಿದರೆ ಸಾಕು, ಎರಡನೇ ತಿರುವಿಗೇ ವಾಂತಿ. ಅವಳಿಗೆ ಈ ವಿಮಾನದ ಹುಚ್ಚು ಹಿಡಿದಿದೆ. ಎಲ್ಲರಿಗೂ ವಾಂತಿ ಆಗುತ್ತದಂತೆ ಹೌದಾ?

ಕಿವಿ ಮೂಗು ಗಂಟಲು ಡಾಕ್ಟರ್

ಎಲ್ಲರಿಗೂ ಅಲ್ಲ ಅಮ್ಮ. ನಾಸಾದಲ್ಲಿ ಇಂಥ ಹಾರಾಟಗಳ ಉಸ್ತುವಾರಿ ನೋಡಿದ ಜಾನ್ ಯಾನಿಕ್ ಒಂದು ಅಂದಾಜು ಹೇಳುತ್ತಿದ್ದರು: ಮೂರರಲ್ಲಿ ಒಂದು ಪಾಲು ಜನಕ್ಕೆ ಜೋರಾಗಿ ಕಾಡುತ್ತದೆ, ಒಂದು ಪಾಲಿಗೆ ಸ್ವಲ್ಪ, ಒಂದು ಪಾಲಿಗೆ ಏನೂ ಆಗುವುದಿಲ್ಲ. ನಾಸಾದ ಆ ವಿಮಾನಕ್ಕೆ "ವಾಮಿಟ್ ಕಾಮೆಟ್" ಎಂಬ ಅಡ್ಡಹೆಸರು ಬಂದದ್ದೂ ಇದರಿಂದಲೇ.

ಯಾಕೆ ಆಗುತ್ತದೆ ಅಂದರೆ, ಒಳಕಿವಿಯಲ್ಲಿ ಎರಡು ಥರದ ವ್ಯವಸ್ಥೆ ಇದೆ. ಅರ್ಧ ಬಳೆಯಂಥ ಮೂರು ನಾಳಗಳು ತಲೆ ತಿರುಗಿದ್ದನ್ನು ತಿಳಿಸುತ್ತವೆ. ಇನ್ನೊಂದು ಕಡೆ ಸುಣ್ಣದ ಸಣ್ಣ ಹರಳುಗಳು ಒಂದು ಮೆತ್ತನೆ ಪದರದ ಮೇಲೆ ಕೂತಿರುತ್ತವೆ. ಅವುಗಳ ಭಾರದಿಂದಲೇ ಮಿದುಳಿಗೆ ಕೆಳಗೆ ಯಾವುದು ಅಂತ ಗೊತ್ತಾಗುವುದು. ತೂಕ ಹೋದಾಗ ಆ ಹರಳುಗಳು ಒತ್ತುವುದಿಲ್ಲ. ತೂಕ 1.8 ಪಟ್ಟು ಆದಾಗ ಹತ್ತಿರ ಹತ್ತಿರ ಎರಡರಷ್ಟು ಒತ್ತುತ್ತವೆ. ಕಣ್ಣು ಮಾತ್ರ "ಕೋಣೆ ಇದ್ದ ಹಾಗೇ ಇದೆ" ಅನ್ನುತ್ತಿರುತ್ತದೆ. ಮಿದುಳಿಗೆ ಯಾರನ್ನು ನಂಬಬೇಕೋ ತಿಳಿಯದೆ ಹೊಟ್ಟೆ ತೊಳಸುತ್ತದೆ.

ತೇಲುವಾಗಿನದಕ್ಕಿಂತ ಭಾರವಾದಾಗ ತಲೆ ತಿರುಗಿಸುವುದೇ ಹೆಚ್ಚು ತೊಂದರೆ ಕೊಡುತ್ತದೆ. ಆ 20 ಸೆಕೆಂಡು ಅಂಗಾತ ಮಲಗಿ ಮೇಲ್ಛಾವಣಿಯ ಒಂದು ಜಾಗವನ್ನೇ ನೋಡುತ್ತಿರಬೇಕು. ಪಕ್ಕದವರು ಕರೆದರೂ ತಿರುಗಬಾರದು. ಸ್ಕೋಪೊಲಮಿನ್ ಎಂಬ ಔಷಧಿ ಇದೆ, ಹಾರಾಟಕ್ಕೆ ಮುಂಚೆ ಕೊಡುತ್ತಾರೆ. ಬಾಯಿ ಒಣಗುತ್ತದೆ, ಸ್ವಲ್ಪ ಮಂಪರು ಬರುತ್ತದೆ, ಹತ್ತಿರದ ಅಕ್ಷರ ಮಸುಕಾಗಬಹುದು. ಗ್ಲಾಕೋಮಾದ ತೊಂದರೆ ಇರುವವರು ಡಾಕ್ಟರ ಹತ್ತಿರ ಮೊದಲೇ ಹೇಳಲೇಬೇಕು. ಅಂಗಡಿಯಲ್ಲಿ ಕೇಳಿ ತಾವೇ ತೆಗೆದುಕೊಳ್ಳುವ ಔಷಧಿ ಇದಲ್ಲ.

ಬ್ರೆಮೆನ್ ಕನ್ನಡತಿ

ಡಾಕ್ಟರ್ ಹೇಳಿದ್ದು ಪೂರ್ತಿ ನಿಜ. ನಮಗೂ ಬೆಳಿಗ್ಗೆ ಸ್ಕೋಪೊಲಮಿನ್ ಇಂಜೆಕ್ಷನ್ ಆಗಿತ್ತು. ನನಗೆ ವಾಂತಿ ಆಗಲಿಲ್ಲ. ಪಕ್ಕದ ತಂಡದ ಒಬ್ಬರಿಗೆ ಶುರುವಿನಲ್ಲೇ ಆಗಿ, ಕೊನೆಯವರೆಗೂ ಹಿಂದಿನ ಸೀಟಿನಲ್ಲಿ ಬೆಲ್ಟ್ ಹಾಕಿ ಕೂತಿದ್ದರು. ಅವರ ಕೆಲಸವನ್ನು ಜೊತೆಯವರು ಮಾಡಿದರು. ಯಾರೂ ನಗಲಿಲ್ಲ, ಅಯ್ಯೋ ಪಾಪ ಅನ್ನಲೂ ಇಲ್ಲ. ಪ್ರತಿಯೊಂದು ಕೆಲಸಕ್ಕೂ ಇನ್ನೊಬ್ಬರು ತಯಾರಿರುವಂತೆ ತಂಡ ಕಟ್ಟುವುದೇ ಇದಕ್ಕಾಗಿ.

ಅಮ್ಮ, ನಿಮ್ಮ ಮಗಳಿಗೆ ಹೇಳಿ. ಘಾಟಿಯಲ್ಲಿ ವಾಂತಿ ಆದವರಿಗೆ ಇಲ್ಲೂ ಆಗಲೇಬೇಕು ಅಂತಿಲ್ಲ. ಖಾಲಿ ಹೊಟ್ಟೆಯಲ್ಲಿ ಮಾತ್ರ ಹೋಗಬಾರದು. ಬೆಳಿಗ್ಗೆ ಎಣ್ಣೆ, ಖಾರ ಇಲ್ಲದ್ದನ್ನು ಸ್ವಲ್ಪ ತಿನ್ನಬೇಕು.

ವಿಮಾನಪುರ ವಾಸಿ

ನಾನು ಬೆಂಗಳೂರಿನಲ್ಲಿ ವಿಮಾನಗಳ ನಡುವೆಯೇ ಕೆಲಸ ಮಾಡಿ ನಿವೃತ್ತನಾದವನು. ಇದರ ಹಿಂದಿನ ಕಥೆ ಸ್ವಲ್ಪ ಹೇಳುತ್ತೇನೆ.

ವಿಮಾನವನ್ನು ಪ್ಯಾರಾಬೋಲಾದಲ್ಲಿ ಹಾರಿಸಿದರೆ ಒಳಗಿದ್ದವರಿಗೆ ತೂಕ ಇಲ್ಲದಂತೆ ಮಾಡಬಹುದು ಅಂತ ಲೆಕ್ಕ ಹಾಕಿ ಬರೆದವರು ಫ್ರಿಟ್ಸ್ ಹಾಬರ್ ಮತ್ತು ಹೈನ್ಸ್ ಹಾಬರ್, ಜರ್ಮನಿಯಿಂದ ಅಮೆರಿಕಕ್ಕೆ ಹೋದ ಅಣ್ಣತಮ್ಮಂದಿರು. ಅದು 1950. ಆಗ ಮನುಷ್ಯ ತೂಕವಿಲ್ಲದೆ ಬದುಕಬಲ್ಲನಾ, ನುಂಗಬಲ್ಲನಾ, ಕೈಯನ್ನು ಸರಿಯಾದ ಸ್ವಿಚ್ಚಿನ ಹತ್ತಿರ ಒಯ್ಯಬಲ್ಲನಾ ಅನ್ನುವುದೇ ಯಾರಿಗೂ ಗೊತ್ತಿರಲಿಲ್ಲ. ಗಗಾರಿನ್ ಹಾರುವುದಕ್ಕೆ ಇನ್ನೂ 11 ವರ್ಷ ಇತ್ತು. ಬಾಹ್ಯಾಕಾಶಕ್ಕೆ ಹೋಗದೇ ಅದನ್ನು ತಿಳಿಯುವ ದಾರಿ ಇದೊಂದೇ. 1959ರಲ್ಲಿ ಅಮೆರಿಕದ ಮೊದಲ ಗಗನಯಾತ್ರಿಗಳಾದ ಮರ್ಕ್ಯುರಿ ತಂಡದವರು ಸಿ-131 ಎಂಬ ಸಾಗಣೆ ವಿಮಾನದಲ್ಲಿ ಹೀಗೆ ಅಭ್ಯಾಸ ಮಾಡಿದರು. ಅಮೆರಿಕದ ವಾಯುಪಡೆಯವರು ಬೆಕ್ಕುಗಳನ್ನೂ ಪಾರಿವಾಳಗಳನ್ನೂ ಅದರಲ್ಲಿ ಬಿಟ್ಟು ಚಿತ್ರ ತೆಗೆದರು. ಎಲ್ಲಿಂದ ಬಿದ್ದರೂ ಕಾಲ ಮೇಲೆ ನಿಲ್ಲುವ ಬೆಕ್ಕಿಗೆ, ಯಾವ ಕಡೆ ಕೆಳಗೆ ಅಂತ ತಿಳಿಯದೆ ಮೈ ತಿರುಚಿಕೊಳ್ಳುತ್ತಾ ಇರುವುದು ಅದರಲ್ಲಿ ಕಾಣುತ್ತದೆ. ಆಮೇಲೆ ನಾಸಾಗೆ ಬೋಯಿಂಗ್‌ನ ಕೆಸಿ-135 ಬಂತು. 2004ರವರೆಗೂ ಅದು ಹಾರಿತು.

ರಷ್ಯಾದವರದ್ದು ಇಲ್ಯೂಷಿನ್ ಐಎಲ್-76 ಎಂಡಿಕೆ. ಮಾಸ್ಕೋ ಹತ್ತಿರದ ಸ್ಟಾರ್ ಸಿಟಿಯಲ್ಲಿ ತರಬೇತಿ ಪಡೆಯುವವರಿಗೆ ಅದು. ನಮ್ಮ ಗಗನಯಾನಕ್ಕೆ ಆಯ್ಕೆಯಾದ ನಾಲ್ವರೂ, ಅಂದರೆ ಪ್ರಶಾಂತ್ ಬಾಲಕೃಷ್ಣನ್ ನಾಯರ್, ಅಜಿತ್ ಕೃಷ್ಣನ್, ಅಂಗದ್ ಪ್ರತಾಪ್, ಶುಭಾಂಶು ಶುಕ್ಲಾ, 2020-21ರಲ್ಲಿ ಅಲ್ಲಿನ ಗಗಾರಿನ್ ಕೇಂದ್ರದಲ್ಲಿ ಕಲಿತರು. ಈ ವಿಮಾನದಲ್ಲೂ ತೇಲಿ ಬಂದರು. ಅವರನ್ನು ಆರಿಸುವ ವೈದ್ಯಕೀಯ ಪರೀಕ್ಷೆ ನಮ್ಮ ಬೆಂಗಳೂರಿನ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಯಲ್ಲೇ ಶುರುವಾಗಿದ್ದು. ತೂಕ ಹಲವು ಪಟ್ಟು ಹೆಚ್ಚಾದಾಗ ಮೈ ಹೇಗೆ ತಡೆದುಕೊಳ್ಳುತ್ತದೆ ಅಂತ ನೋಡುವ, ಗಿರಗಿರ ತಿರುಗುವ ದೊಡ್ಡ ಯಂತ್ರವೂ ಅಲ್ಲಿದೆ. ಹೆಚ್ಚು ತೂಕಕ್ಕೆ ಬೆಂಗಳೂರು, ಸೊನ್ನೆ ತೂಕಕ್ಕೆ ಮಾಸ್ಕೋ. ಗಗನಯಾನದ ಮುಂದಿನ ತಂಡಗಳಿಗಾದರೂ ಈ ಎರಡನೆಯದು ನಮ್ಮ ನೆಲದಲ್ಲೇ ಸಿಗಬೇಕು ಅನ್ನುವುದು ನನ್ನ ಆಸೆ. ನಮ್ಮ ವಾಯುಪಡೆಯಲ್ಲೂ ಐಎಲ್-76 ಇವೆ, ಆದರೆ ಅವು ಸಾಮಾನು, ಸೈನಿಕರನ್ನು ಹೊರುವ ವಿಮಾನಗಳು.

ಖರ್ಚು ವೆಚ್ಚ

ಕಥೆ ಚೆನ್ನಾಗಿದೆ. ಆದರೆ ನೇರವಾಗಿ ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ದುಡ್ಡು ಕೊಟ್ಟು ಹೋಗುವವರಿಗೆ ಒಂದು ಟಿಕೆಟ್ಟಿಗೆ ಹಲವು ಲಕ್ಷ ರೂಪಾಯಿ ಆಗುತ್ತದೆ. ಎಲ್ಲ ಸೇರಿಸಿದರೂ ಐದಾರು ನಿಮಿಷ ತೇಲುವುದು. ವಿಜ್ಞಾನದವರಿಗಾದರೂ 22 ಸೆಕೆಂಡಿನಲ್ಲಿ ಏನು ತಿಳಿಯುತ್ತದೆ? ನಿಲ್ದಾಣದಲ್ಲಿ ತಿಂಗಳುಗಟ್ಟಲೆ ಇರುವಾಗ ಇದು ಯಾಕೆ?

ಬ್ರೆಮೆನ್ ಕನ್ನಡತಿ

ಬೇಜಾರೇನಿಲ್ಲ, ಕೇಳಲೇಬೇಕಾದ ಪ್ರಶ್ನೆ. ನಮ್ಮ ಪ್ರಯೋಗವನ್ನೇ ತೆಗೆದುಕೊಂಡು ಹೇಳುತ್ತೇನೆ.

ಭೂಮಿಯಂಥ ಗ್ರಹಗಳು ಶುರುವಾದದ್ದು ಧೂಳಿನಿಂದ. ಹೊಸ ನಕ್ಷತ್ರದ ಸುತ್ತ ಧೂಳಿನ ಕಣಗಳು ಒಂದಕ್ಕೊಂದು ಅಂಟಿ ದೊಡ್ಡದಾಗುತ್ತವೆ. ಆದರೆ ಸಾಸಿವೆ ಕಾಳಿನಷ್ಟು ಆದ ಮೇಲೆ ಅಂಟುವ ಬದಲು ಢಿಕ್ಕಿ ಹೊಡೆದು ಚಿಮ್ಮಿಬಿಡುತ್ತವೆ. ಹಾಗಾದರೆ ಮುಂದೆ ಬೆಳೆದದ್ದು ಹೇಗೆ? ಕಣಗಳು ಒಂದಕ್ಕೊಂದು ಉಜ್ಜಿ ವಿದ್ಯುತ್ ಹತ್ತಿಸಿಕೊಂಡರೆ ಅಂಟಬಹುದು ಅನ್ನುವುದು ಒಂದು ಉತ್ತರ. ಇದನ್ನು ನೆಲದ ಮೇಲೆ ನೋಡಲು ಆಗುವುದೇ ಇಲ್ಲ. ಡಬ್ಬಿ ಅಲ್ಲಾಡಿಸಿದರೆ ಮಣಿಗಳು ತಳಕ್ಕೆ ಬಿದ್ದು ರಾಶಿಯಾಗುತ್ತವೆ. ವಿಮಾನದಲ್ಲಿ ತೂಕ ಹೆಚ್ಚಿರುವಾಗ ಡಬ್ಬಿ ಕುಲುಕಿ ಮಣಿಗಳಿಗೆ ವಿದ್ಯುತ್ ಹತ್ತಿಸುತ್ತೇವೆ. ತೂಕ ಹೋದ ಕೂಡಲೇ ಅವು ಎದ್ದು ಹರಡುತ್ತವೆ. ಎರಡು ಮಣಿ ಹತ್ತಿರ ಬರುತ್ತವೆ, ಒಂದಕ್ಕೊಂದು ಸುತ್ತುತ್ತವೆ, ಮೂರನೆಯದು ಬಂದು ಸೇರುತ್ತದೆ. ಕಣ್ಣೆದುರೇ ಸಣ್ಣ ಗೊಂಚಲು ಕಟ್ಟುತ್ತದೆ. ಅದಕ್ಕೆ 22 ಸೆಕೆಂಡು ಧಾರಾಳವಾಗಿ ಸಾಕು. ಒಂದೇ ದಿನ ಬೇರೆ ಬೇರೆ ಗಾತ್ರದ ಮಣಿ ಹಾಕಿ 30 ಸಲ ನೋಡಬಹುದು. ಸಾಮಾನ್ಯವಾಗಿ ಮೂರು ದಿನ ಹಾರುತ್ತಾರೆ, ಒಟ್ಟು 93 ಪ್ಯಾರಾಬೋಲಾ.

ಇನ್ನೊಂದು ವಿಷಯ ಇದೆ. ನಿಲ್ದಾಣಕ್ಕೆ ಒಂದು ಯಂತ್ರ ಕಳಿಸಿ ಅಲ್ಲಿ ಕೆಟ್ಟುಹೋದರೆ ಅದನ್ನು ಮಾಡಿದವರು ರಿಪೇರಿಗೆ ಹೋಗಲು ಆಗುವುದಿಲ್ಲ. 2014ರಲ್ಲಿ ನಿಲ್ದಾಣ ಸೇರಿದ ಮೊದಲ ತ್ರೀಡಿ ಪ್ರಿಂಟರನ್ನು ಅದಕ್ಕೆ ಮುಂಚೆ ಇಂಥ ವಿಮಾನಗಳಲ್ಲೇ ಪರೀಕ್ಷಿಸಿದ್ದರು. ಇಲ್ಲಿ ಸಡಿಲವಾದ ಸ್ಕ್ರೂ ಸಿಕ್ಕರೆ ರಾತ್ರಿ ಹ್ಯಾಂಗರಿನಲ್ಲಿ ಕೂತು ಬಿಗಿದು ಮರುದಿನ ಮತ್ತೆ ಹಾರಬಹುದು. ಮನುಷ್ಯರೇ ಪ್ರಯೋಗದ ಪಕ್ಕ ಕೂತಿರುತ್ತೇವೆ ಅನ್ನುವುದು ದೊಡ್ಡ ಅನುಕೂಲ.

ಟಿಕೆಟ್ ತೆಗೆದುಕೊಂಡು ಹೋಗುವವರ ಬಗ್ಗೆಯೂ ನನಗೆ ಅಸಮಾಧಾನ ಇಲ್ಲ. ಅವರಿಗೆ ಸಾಮಾನ್ಯವಾಗಿ 15 ಪ್ಯಾರಾಬೋಲಾ. ಮೊದಲು ಮಂಗಳನ ತೂಕ, ಆಮೇಲೆ ಚಂದ್ರನ ತೂಕ, ಕೊನೆಗೆ ಸೊನ್ನೆ. ಹಾರುವ ದಾರಿಯನ್ನು ಸ್ವಲ್ಪ ಬದಲಿಸಿದರೆ ಬೇಕಾದ ತೂಕ ತರಬಹುದು. ಚಂದ್ರನ ತೂಕದಲ್ಲಿ ಒಂದೇ ಕೈಯಲ್ಲಿ ದಂಡ ಹೊಡೆಯಬಹುದು.

ಧಾರವಾಡದ ಅಗ್ರಿ ಅಕ್ಕ

ಖರ್ಚು ವೆಚ್ಚದವರ ಪ್ರಶ್ನೆಗೆ ನಮ್ಮ ಕಡೆಯಿಂದಲೂ ಒಂದು ಉತ್ತರ ಐತಿ ನೋಡ್ರಿ. 2025ರಲ್ಲಿ ಶುಕ್ಲಾ ಅವರು ನಿಲ್ದಾಣಕ್ಕೆ ಹೋದಾಗ ನಮ್ಮ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿ ಧಾರವಾಡದ ಪ್ರಯೋಗವೂ ಹೋಗಿತ್ತು. ಹೆಸರುಕಾಳು, ಮೆಂತ್ಯ ಅಲ್ಲಿ ಹೇಗೆ ಮೊಳಕೆ ಒಡೆಯುತ್ತವೆ ಅಂತ ನೋಡುವ ಕೆಲಸ. ಇದನ್ನು ವಿಮಾನದಲ್ಲಿ ಮಾಡಲಿಕ್ಕೆ ಸಾಧ್ಯವೇ ಇಲ್ಲ. ಹೆಸರುಕಾಳು ಮೊಳಕೆ ಒಡೆಯಲು ಒಂದು ರಾತ್ರಿಯಾದರೂ ಬೇಕಲ್ಲ್ರೀ. ಅದಕ್ಕೆ ನಿಲ್ದಾಣವೇ ಬೇಕು. ಮಣಿ, ನೀರು, ಬೆಂಕಿ ಇಂಥವು ಸೆಕೆಂಡುಗಳಲ್ಲಿ ನಡೆಯುತ್ತವೆ. ಅವಕ್ಕೆ ವಿಮಾನ ಸಾಕು. ಎರಡೂ ಬೇಕು.

ಖರ್ಚು ವೆಚ್ಚ

ಈ ಉತ್ತರ ಒಪ್ಪಿದೆ. ರಾತ್ರಿ ರಿಪೇರಿ ಮಾಡಿ ಮರುದಿನ ಹಾರುವ ವಿಷಯ ನನಗೆ ಹೊಳೆದಿರಲಿಲ್ಲ. ಟಿಕೆಟ್ಟಿನ ದುಡ್ಡಿನ ಬಗ್ಗೆ ನನ್ನ ಮಾತು ಹಾಗೇ ಇದೆ. ಅಷ್ಟು ದುಡ್ಡು ಇದ್ದವರು ಒಂದು ಶಾಲೆಯ ಲ್ಯಾಬಿಗೆ ಕೊಟ್ಟರೆ ಜಾಸ್ತಿ ಮಕ್ಕಳಿಗೆ ಉಪಯೋಗ.

ಗಾಲಿಕುರ್ಚಿ ಗೆಳತಿ

ಅದನ್ನೂ ಕೊಡಲಿ. ಆದರೆ ಹಾರಾಟದ ಬಗ್ಗೆ ನನ್ನಂಥವರ ಕಡೆಯಿಂದ ಒಂದು ಮಾತು.

2007ರ ಏಪ್ರಿಲ್‌ನಲ್ಲಿ ಸ್ಟೀಫನ್ ಹಾಕಿಂಗ್ ಅಮೆರಿಕದ ಝೀರೋ-ಜಿ ಕಂಪನಿಯ ಬೋಯಿಂಗ್ 727ರಲ್ಲಿ ಹಾರಿದರು. ಅವರಿಗೆ ಆಗ 65 ವರ್ಷ. ಒಂದು ಪ್ಯಾರಾಬೋಲಾ ಮಾಡಿ ನೋಡೋಣ ಅಂದುಕೊಂಡು ಹೋದವರು ಎಂಟು ಮಾಡಿದರು. ದಶಕಗಳಿಂದ ಗಾಲಿಕುರ್ಚಿಯಲ್ಲಿದ್ದ ಮನುಷ್ಯ ಗಾಳಿಯಲ್ಲಿ ನಗುತ್ತಿರುವ ಆ ಫೋಟೋ ನನ್ನ ಮೇಜಿನ ಮೇಲಿದೆ. 2021ರ ಅಕ್ಟೋಬರ್‌ನಲ್ಲಿ ಆಸ್ಟ್ರೋಆಕ್ಸೆಸ್ ಎಂಬ ತಂಡ ಅಂಗವೈಕಲ್ಯ ಇರುವ 12 ಜನರನ್ನು ಇಂಥದ್ದೇ ವಿಮಾನದಲ್ಲಿ ಕರೆದುಕೊಂಡು ಹೋಯಿತು. ಕಣ್ಣು ಕಾಣದವರು, ಕಿವಿ ಕೇಳದವರು, ಗಾಲಿಕುರ್ಚಿ ಬಳಸುವವರು. ಅವರು ಹೋದದ್ದು ತೇಲಿ ಖುಷಿಪಡಲು ಮಾತ್ರ ಅಲ್ಲ. "ಪುಲ್ ಔಟ್" ಅಂದಾಗ ಕಾಲು ಆಡದವರು ತಮ್ಮ ಜಾಗಕ್ಕೆ ವಾಪಸ್ ಬರುವುದು ಹೇಗೆ, ಕಿವಿ ಕೇಳದವರಿಗೆ ಆ ಸೂಚನೆ ಬೆಳಕಿನಲ್ಲಿ ಕೊಡಬಹುದಾ, ಇಂಥವನ್ನು ಪರೀಕ್ಷಿಸಲು ಹೋದರು.

ನಡೆಯುವುದಕ್ಕೆ ಕಾಲು ಬೇಕು. ತೇಲುವುದಕ್ಕೆ ಯಾಕೆ ಬೇಕು? ನಿಲ್ದಾಣದಲ್ಲಿ ಎಲ್ಲರೂ ಓಡಾಡುವುದು ಕೈಯಿಂದಲೇ. ಗಗನಯಾತ್ರಿ ಅಂದರೆ ಇಂಥ ಮೈಕಟ್ಟೇ ಇರಬೇಕು ಅನ್ನುವ ನಿಯಮವನ್ನು ಮತ್ತೆ ಯೋಚಿಸಲು ಈ ವಿಮಾನಕ್ಕಿಂತ ಸುಲಭವಾದ ಜಾಗ ಬೇರೆ ಇಲ್ಲ.

ಬ್ರೆಮೆನ್ ಕನ್ನಡತಿ

ಇದನ್ನು ಬರೆದದ್ದಕ್ಕೆ ನಿಮಗೆ ವಿಶೇಷ ಧನ್ಯವಾದ. ತೂಕ ಇಲ್ಲದಾಗ ನಮ್ಮ ಕಾಲುಗಳು ನಿಜಕ್ಕೂ ಅಡ್ಡಿ. ಮೊದಲ ಸಲ ಎಲ್ಲರೂ ಈಜುವ ಹಾಗೆ ಒದೆಯುತ್ತಾರೆ, ಒದೆತ ಪಕ್ಕದವರಿಗೆ ಬೀಳುತ್ತದೆ. ನೆಲದ ಪಟ್ಟಿಗೆ ಪಾದ ಸಿಕ್ಕಿಸಿ ನಿಂತಾಗ ಮಾತ್ರ ಅವು ಉಪಯೋಗಕ್ಕೆ ಬರುತ್ತವೆ. ಚಲಿಸಲು ಬೇಕಾದದ್ದು ಎರಡು ಬೆರಳಿನ ಮೆಲ್ಲನೆ ನೂಕು.

ಬಿಎಸ್‌ಸಿ ಎರಡನೇ ವರ್ಷ

ಅಕ್ಕ, ನಾನು ತುಮಕೂರು. ವಿಮಾನದವರೆಗೆ ಹೋಗಲು ಈಗ ಆಗುವುದಿಲ್ಲ. ಭಾರತದಲ್ಲಿದ್ದುಕೊಂಡು ತೂಕವಿಲ್ಲದ ಪ್ರಯೋಗ ಮಾಡಲು ದಾರಿ ಇದೆಯಾ? ಮುಂದೆ ಅಲ್ಲಿಗೆ ಬರಲು ಏನು ಓದಬೇಕು?

ಬ್ರೆಮೆನ್ ಕನ್ನಡತಿ

ಇದೆ ಪುಟ್ಟ. ಮದ್ರಾಸ್ ಐಐಟಿಯ ದಹನ ಸಂಶೋಧನಾ ಕೇಂದ್ರದಲ್ಲಿ ಒಂದು ಬೀಳು ಗೋಪುರ ಇದೆ. ಪ್ರಯೋಗದ ಪೆಟ್ಟಿಗೆಯನ್ನು ಮೇಲಿಂದ ಬಿಡುತ್ತಾರೆ, ಎರಡೂವರೆ ಸೆಕೆಂಡು ತೂಕ ಇಲ್ಲ. ಬೆಂಕಿ ಹೇಗೆ ಉರಿಯುತ್ತದೆ ಅಂತ ನೋಡಲು ಅಷ್ಟು ಸಾಕು. ತೂಕ ಇಲ್ಲದಾಗ ಬಿಸಿ ಗಾಳಿ ಮೇಲೇರುವುದಿಲ್ಲ. ಹಾಗಾಗಿ ದೀಪದ ಜ್ವಾಲೆ ಉದ್ದವಾಗದೆ ದುಂಡಗೆ, ನೀಲಿಯಾಗಿ ನಿಲ್ಲುತ್ತದೆ. ಬ್ರೆಮೆನ್‌ನಲ್ಲಿರುವ ಗೋಪುರ 146 ಮೀಟರ್ ಎತ್ತರ. ಒಳಗಿನ ಕೊಳವೆಯಿಂದ ಗಾಳಿ ತೆಗೆದು ಪೆಟ್ಟಿಗೆ ಬಿಟ್ಟರೆ 4.74 ಸೆಕೆಂಡು ಸಿಗುತ್ತದೆ. ಕೆಳಗಿಂದ ಮೇಲಕ್ಕೆ ಚಿಮ್ಮಿಸಿದರೆ ಹೋಗುವಾಗ, ಬರುವಾಗ ಎರಡೂ ಸೇರಿ ಸುಮಾರು 9 ಸೆಕೆಂಡು. ಹೊತ್ತು ಕಡಿಮೆ, ಆದರೆ ವಿಮಾನದ ತುಯ್ತ ಇಲ್ಲ, ತುಂಬಾ ಶುದ್ಧವಾದ ತೂಕವಿಲ್ಲದ ಸ್ಥಿತಿ.

ಓದುವುದು ಇಂಥದ್ದೇ ಅಂತಿಲ್ಲ. ನಾನು ಹಾರಿದ ದಿನ ವಿಮಾನದಲ್ಲಿ ವೈದ್ಯರಿದ್ದರು, ಗಿಡಗಳ ಬೇರಿನ ಬಗ್ಗೆ ಕೆಲಸ ಮಾಡುವವರಿದ್ದರು, ವೆಲ್ಡಿಂಗ್ ಎಂಜಿನಿಯರ್ ಇದ್ದರು. ಯುರೋಪಿನ ಬಾಹ್ಯಾಕಾಶ ಸಂಸ್ಥೆ ವಿದ್ಯಾರ್ಥಿಗಳ ಪ್ರಯೋಗಗಳಿಗಾಗಿ ಒಂದು ಕಾರ್ಯಕ್ರಮ ನಡೆಸುತ್ತದೆ, ಮೊದಲು ಅದಕ್ಕೆ "ಫ್ಲೈ ಯುವರ್ ಥೀಸಿಸ್" ಎಂಬ ಹೆಸರಿತ್ತು. ಅಲ್ಲಿಗೆ ಓದಲು ಬಂದರೆ ಅದನ್ನು ನೆನಪಿಟ್ಟುಕೋ. ಅರ್ಜಿಯಲ್ಲಿ ಅವರು ನೋಡುವುದು ಒಂದೇ: ಈ ಪ್ರಶ್ನೆಗೆ ತೂಕವಿಲ್ಲದ ಸ್ಥಿತಿ ಯಾಕೆ ಬೇಕೇ ಬೇಕು? ಅದಕ್ಕೆ ಉತ್ತರ ಗಟ್ಟಿ ಇರಬೇಕು.

ಹಾಸನದ ಫಿಸಿಕ್ಸ್ ಮೇಷ್ಟ್ರು

ತುಮಕೂರಿನ ಹುಡುಗರಿಗೆ ನನ್ನ ಕಡೆಯಿಂದ ಈ ವಾರವೇ ಮಾಡಬಹುದಾದ ಒಂದು ಪ್ರಯೋಗ. ಒಂದು ಲೀಟರಿನ ಪ್ಲಾಸ್ಟಿಕ್ ಬಾಟಲಿ ತೆಗೆದುಕೊಳ್ಳಿ. ತಳದ ಹತ್ತಿರ ಪಕ್ಕದಲ್ಲಿ ಮೊಳೆಯಿಂದ ತೂತು ಮಾಡಿ. ನೀರು ತುಂಬಿ, ಮುಚ್ಚಳ ತೆಗೆದಿಡಿ. ತೂತಿನಿಂದ ನೀರು ಚಿಮ್ಮುತ್ತದೆ. ಈಗ ಮೊದಲ ಮಹಡಿಯಿಂದ ಬಾಟಲಿಯನ್ನು ನೆಟ್ಟಗೆ ಬಿಡಿ. ಕೆಳಗೆ ಒಬ್ಬರು ಮೊಬೈಲಿನಲ್ಲಿ ಸ್ಲೋ ಮೋಷನ್ ಹಾಕಿ ಹಿಡಿಯಲಿ. ಬಾಟಲಿ ಕೈ ಬಿಟ್ಟ ಕೂಡಲೇ ಚಿಮ್ಮುವುದು ನಿಲ್ಲುತ್ತದೆ. ನಾಲ್ಕು ಮೀಟರಿಗೆ 0.9 ಸೆಕೆಂಡು ಸಿಗುತ್ತದೆ.

ಅಷ್ಟಕ್ಕೇ ನಿಲ್ಲಿಸಬೇಡಿ. ಅದೇ ಬಾಟಲಿಯನ್ನು ಕೆಳಗಿಂದ ಮೇಲಕ್ಕೆ ಎಸೆದು ಇನ್ನೊಂದು ವೀಡಿಯೊ ತೆಗೆಯಿರಿ. ಮೇಲೇರುವಾಗಲೂ ನೀರು ಚಿಮ್ಮುವುದಿಲ್ಲ. ಎಸೆಯುವಾಗ ಬಾಟಲಿ ತಿರುಗದ ಹಾಗೆ ಎರಡೂ ಕೈಯಲ್ಲಿ ಹಿಡಿದು ಬಿಡಬೇಕು, ತಿರುಗಿದರೆ ನೀರು ಚೆಲ್ಲಿ ಲೆಕ್ಕ ಕೆಡುತ್ತದೆ. ತೂತು ಪೆನ್ಸಿಲ್ ಮೊನೆಗಿಂತ ದೊಡ್ಡದಿರಲಿ. ಬಾಟಲಿ ಬೀಳುವ ಜಾಗದಲ್ಲಿ ಯಾರೂ ನಿಲ್ಲಬೇಡಿ. ವೀಡಿಯೊ ಇಲ್ಲಿ ಹಾಕಿ, ಒಂದೊಂದೇ ಫ್ರೇಮ್ ಬಿಡಿಸಿ ನೋಡೋಣ.

ಬಿಎಸ್‌ಸಿ ಎರಡನೇ ವರ್ಷ

ಭಾನುವಾರ ಹಾಸ್ಟೆಲ್ ಹಿಂದೆ ಮಾಡುತ್ತೇವೆ ಸರ್. ಎರಡೂ ವೀಡಿಯೊ ಹಾಕುತ್ತೇನೆ.